ಪಸ್ತಾನದ ಬ್ಯಾಗು

ಮಹಾದೇವಪ್ಪ ಬ್ಯಾಗಿನ ಜಿಪ್ಪಿಗೆ ಕೈ ಹಾಕಿದ. ಅಕ್ಬರಿ ಬೇಗಂ ಆ ಕೈಯ ಮೇಲೆ ತಮ್ಮ ಕೈ ಇಟ್ಟು ತಡೆದರು.

“ತೆಗೀಬ್ಯಾಡ್ರಿ, ಜಮಾದಾರ್ ಸಾಬ್. ಅದು ಅಮಾನತ್. ಇಟ್ಟಾಕಿನೇ ಬಂದು ಒಯ್ಬೇಕು.”

“ಇಟ್ಟಾಕಿಗೆ ಮಣ್ಣು ಕೊಟ್ಟು ಬಂದೇವ್ರಿ, ಆಪಾ.”

ಅವರು ಕೈ ತೆಗೆದರು. ತಖ್ತದ ತುದಿಗೆ ಕುಳಿತು ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಕಮಲಾಪುರದ ಸೂಗಮ್ಮ ಟೀಚರ್ ತಮ್ಮದೇ ಬಾಳೆತೋಟದ ಹಾಳುಬಾವಿಯಲ್ಲಿ ಹೆಣವಾಗಿ ಸಿಕ್ಕ ದಿನದಿಂದ ಪತ್ತೇದಾರ ಮಹಾದೇವಪ್ಪ ಹುಡುಕುತ್ತಿದ್ದುದು ಈ ನೀಲಿ ಬ್ಯಾಗನ್ನು. ಬಾವಿಯ ತಳ ತಡಕಿಸಿದ್ದ. ತೋಟದ ಒಂದೊಂದು ಸಾಲನ್ನೂ ಜಾಲಾಡಿದ್ದ. ಬಸ್ ನಿಲ್ದಾಣದಲ್ಲಿ ಕಂಡಕ್ಟರುಗಳ ತಲೆ ತಿಂದಿದ್ದ. ಬ್ಯಾಗು ಯಾರ ಕೈಯಲ್ಲಿದೆಯೋ ಅವನೇ ಕೊಂದವನು ಎಂದು ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದ್ದ.

ಸಿಕ್ಕಿದ್ದು ಕಲಬುರಗಿಯ ಐವಾನ್-ಎ-ಶಾಹಿ ಬಡಾವಣೆಯಲ್ಲಿ, ಸತ್ತವರ ಗೆಳತಿಯ ಒಳಕೋಣೆಯಲ್ಲಿ, ರಜಾಯಿಗಳ ರಾಶಿಯ ಹಿಂದೆ. ಅದೂ ಅವನ ಜಾಣತನದಿಂದಲ್ಲ. ಬೆಳಿಗ್ಗೆ ಪೇಪರಿನಲ್ಲಿ ಬ್ಯಾಗಿನ ಸುದ್ದಿ ಓದಿ ಅಕ್ಬರಿ ಬೇಗಂ ತಾವೇ ಫೋನ್ ಮಾಡಿ ಕರೆದಿದ್ದರು. ಸಿಟ್ಟು ನೆತ್ತಿಗೇರಲು ಅವನಿಗೆ ಅಷ್ಟೇ ಸಾಕಾಗಿತ್ತು.

ಕಿಟಕಿಯ ಬಳಿ ಕುರ್ಚಿಯಲ್ಲಿ ರಮಾಬಾಯಿ ಕುಳಿತಿದ್ದರು. ಸೂಗಮ್ಮ, ಅಕ್ಬರಿ ಬೇಗಂ, ರಮಾಬಾಯಿ ಮೂವರೂ ಕಮಲಾಪುರದ ಒಂದೇ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ಪೊಲೀಸ್ ಕೆಲಸದಿಂದ ಇಳಿದ ಮೇಲೆ ಖಾಸಗಿ ಪತ್ತೇದಾರಿ ಮಾಡಿಕೊಂಡಿದ್ದ ಮಹಾದೇವಪ್ಪನನ್ನು ಈ ಕೆಲಸಕ್ಕೆ ಹಚ್ಚಿದವರು ರಮಾಬಾಯಿ. ಅವನ ಓಣಿಯವರು, ಅವನ ಜನ. ಅವನು ಅವರನ್ನು ಅಕ್ಕ ಅನ್ನುತ್ತಿದ್ದ.

ಊರಿಗೆ ಊರೇ ಈ ಬ್ಯಾಗು ಹುಡುಕುತ್ತಿರುವಾಗ ರಜಾಯಿ ಹಿಂದೆ ಬಚ್ಚಿಟ್ಟು ಕುಳಿತವರ ಬಗ್ಗೆ ಜನ ಏನು ತಿಳಿಯಬೇಕು ಎಂದು ಮಹಾದೇವಪ್ಪ ಕೇಳಿದ. ಠಾಣೆಯಲ್ಲಿ ಕಳ್ಳರನ್ನು ಕೇಳುವ ದನಿಯಲ್ಲೇ ಕೇಳಿದ.

ಅಕ್ಬರಿ ಬೇಗಂ ಸೆರಗು ಸರಿಸಿದರು.

“ಮೊದಲ ಸಲ ಬಂದಾಗ ನೀವು ಬಾಗಿಲದಾಗ ನಿಂತು ಒಂದೇ ಮಾತು ಕೇಳಿದ್ರಿ. ಮಂಗಳವಾರ ಸೂಗಮ್ಮ ಬಂದಿದ್ಳೇನು, ಅಂತ. ಬಂದಿರ್ಲಿಲ್ಲ, ಇಲ್ಲ ಅಂದೆ. ಒಳಗ ಬರ್ರಿ ಅನ್ನೂದ್ರಾಗ ನಿಮ್ಮ ಗಾಡಿ ಚಾಲೂ ಆಗಿತ್ತು.”

“ನೀವರ ಹೇಳಬೇಕಾಗಿತ್ತಲ್ಲ.”

“ಹೇಳಬ್ಯಾಡ ಅಂತ ಅಕಿ ಕಸಮ್ ಹಾಕಿದ್ಳು.”

“ಯಾರಿಗಿ ಹೇಳಬ್ಯಾಡ ಅಂದ್ಳು?” ಎಂದು ಕೇಳಿದವರು ರಮಾಬಾಯಿ.

“ನಿನಗ, ರಮಾ. ನೀ ನಗ್ತಿ ಅಂತ.”

ರಮಾಬಾಯಿ ಕಿಟಕಿಯ ಕಡೆ ತಿರುಗಿದರು.

ಅಕ್ಬರಿ ಬೇಗಂ ಹೇಳಿದ್ದು ಇಷ್ಟು. ಗುರುವಾರದ ದಿನ ದಕ್ಷಿಣ ದಿಕ್ಕಿಗೆ ಹೊರಡಬಾರದು ಎಂದು ಸೂಗಮ್ಮನ ಮನೆತನದಲ್ಲಿ ನಂಬಿಕೆ. ವಿಮಾನ ಸಿಕ್ಕಿದ್ದು ಗುರುವಾರ. ಹೋಗಬೇಕಾದದ್ದು ಕೊಲಂಬೊಗೆ, ಇಡೀ ದೇಶ ದಾಟಿ ದಕ್ಷಿಣಕ್ಕೆ. ಇಂಥ ಇಕ್ಕಟ್ಟಿಗೆ ಹಿರಿಯರು ಮಾಡಿಟ್ಟ ಉಪಾಯವೇ ಪಸ್ತಾನ. ಹೊರಡಬೇಕಾದ ದಿನ ಕೆಟ್ಟದ್ದಾಗಿದ್ದರೆ, ಅದಕ್ಕೂ ಮುಂಚೆ ಒಂದು ಒಳ್ಳೆಯ ದಿನ ನೋಡಿ ಗಂಟನ್ನು ಹೊಸ್ತಿಲು ದಾಟಿಸಿ ಬೇರೆಯವರ ಮನೆಯಲ್ಲಿ ಇಟ್ಟುಬಿಡುವುದು. ಗಂಟು ಹೊರಬಿತ್ತೆಂದರೆ ಮನುಷ್ಯನೂ ಹೊರಟಂತೆಯೇ ಲೆಕ್ಕ. ಆಮೇಲೆ ಯಾವ ದಿನ ಹೋದರೂ ದೋಷವಿಲ್ಲ. ಒಂದೇ ಕಟ್ಟುಪಾಡು: ಇಟ್ಟ ಗಂಟನ್ನು ಬಿಚ್ಚಬಾರದು, ತಿರುಗಿ ಮನೆಗೆ ತರಬಾರದು. ಹೋಗುವ ದಾರಿಯಲ್ಲಿ ಎತ್ತಿಕೊಂಡು ಹೋಗಬೇಕು.

ಸೋಮವಾರ ಮಧ್ಯಾಹ್ನ ಸೂಗಮ್ಮ ಕಮಲಾಪುರದಿಂದ ಬಸ್ಸಿಗೆ ಬಂದು ಬ್ಯಾಗು ಇಟ್ಟು, ಚಹಾ ಕುಡಿದು, ಬರಿಗೈಯಲ್ಲಿ ತಿರುಗಿ ಹೋಗಿದ್ದರು. ಅದರ ಹಿಡಿಕೆಗೆ ಹಸಿರು ಕುಪ್ಪಸದ ಬಟ್ಟೆಯ ಗಂಟೊಂದಿತ್ತು. ಅಕ್ಕಿ, ಅಡಿಕೆ, ಅರಿಶಿಣಕೊಂಬು ಸೇರಿಸಿ ಬಿಗಿದ ಗಂಟು. ಮೇಲೆ ಕುಂಕುಮ. ಸೊಸೆಯೇ ಕಟ್ಟಿ, ಕುಂಕುಮ ಹಚ್ಚಿ, ಹೊಸ್ತಿಲ ತನಕ ಹಿಡಿದುಕೊಂಡು ಬಂದು ಕೊಟ್ಟಳೆಂದು ಸೂಗಮ್ಮ ಖುಷಿಯಿಂದ ಹೇಳಿದ್ದರಂತೆ.

“ನನ್ನ ಕೇಳಿದ್ಳು,” ಎಂದರು ರಮಾಬಾಯಿ, ಕಿಟಕಿ ಕಡೆಗೇ ಮುಖ ಮಾಡಿ. “ನಿನ್ನ ಮನ್ಯಾಗ ಇಡ್ಲೇನು ಅಂದ್ಳು. ಬುದ್ಧನ ಫೋಟೊದ ಬುಡಕ ಪಂಚಾಂಗದ ಗಂಟು ಇಡ್ಲಾ ಅಂತ ಚಾಷ್ಟಿ ಮಾಡಿದೆ. ಹೋಗಲಿ ಬಿಡು ಅಂದ್ಳು. ಬಿಟ್ಟಾಳ ಅಂದ್ಕೊಂಡಿದ್ದೆ.”



ಇದೇ ತಖ್ತದ ಮೇಲೆ ಕುಳಿತು ಆ ಮೂವರೂ ಪ್ರವಾಸದ ಯೋಜನೆ ಹಾಕಿದ್ದರು. ಶುಕ್ರವಾರ ಅಕ್ಬರಿ ಬೇಗಂ ನಮಾಜು ಮುಗಿಸಿದ ಮೇಲೆ ಸೇರುವುದು, ಮಾಲ್ಪುರಿ ತಿನ್ನುವುದು, ಜಗಳಾಡುವುದು. ರಮಾಬಾಯಿಗೆ ಕೆಲನಿಯ ಬೌದ್ಧ ವಿಹಾರದಲ್ಲಿ ಒಂದು ಇಡೀ ದಿನ ಬೇಕು. ಅಕ್ಬರಿ ಬೇಗಂಗೆ ಪೇಟೆಯ ನಡುವೆ ಇರುವ ಕೆಂಪು ಬಿಳಿ ಪಟ್ಟೆಯ ಮಸೀದಿ ಬೇಕು, ಅದರ ಸುತ್ತಲಿನ ಬಟ್ಟೆ ಅಂಗಡಿಗಳೂ ಬೇಕು. ಸೂಗಮ್ಮನಿಗೆ ಏನೂ ನೋಡುವುದಿರಲಿಲ್ಲ. ಗಾಲ್ ಫೇಸ್ ಅನ್ನುವ ಬಯಲಿನಲ್ಲಿ ಸಮುದ್ರಕ್ಕೆ ಮುಖ ಮಾಡಿ ಕುಳಿತುಕೊಳ್ಳಬೇಕು, ಸಾಕು ಅನಿಸುವವರೆಗೆ ಕುಳಿತಿರಬೇಕು, ಅಷ್ಟೇ. ಭೂಗೋಳದಲ್ಲಿ ಮಕ್ಕಳಿಗೆ ಜೀವಮಾನವಿಡೀ ಸಮುದ್ರ ಕಲಿಸಿದವರು ಸಮುದ್ರ ಕಂಡಿರಲಿಲ್ಲ.

ರಮಾಬಾಯಿಯ ಮಗ ಕುನಾಲ ಮೊಬೈಲಿನಲ್ಲಿ ವಿಡಿಯೊ ತೋರಿಸಿ ಮೂವರ ಜಗಳ ಬಿಡಿಸುತ್ತಿದ್ದ. ವಯಸ್ಸು ಮೂವತ್ತು ದಾಟಿದೆ. ಸ್ವಂತ ಕಾರು ಬಾಡಿಗೆಗೆ ಓಡಿಸುತ್ತಾನೆ. ಟಿಕೆಟು, ವೀಸಾ, ಹೋಟೆಲು ಎಲ್ಲ ಅವನದೇ ಓಡಾಟ. ಇಂಗ್ಲಿಷು ಬಲ್ಲವನೊಬ್ಬ ಜೊತೆಗಿರಲೆಂದು ಅವನೂ ಹೊರಟಿದ್ದ. ಈಗ ಬೀದರ ಕಡೆ ಬಾಡಿಗೆಗೆ ಹೋಗಿದ್ದಾನೆ ಎಂದು ರಮಾಬಾಯಿ ಹೇಳಿದ್ದರು.

ಬುಧವಾರ ರಮಾಬಾಯಿ ಈ ಮನೆಗೆ ಬಂದು, ಸೂಗಮ್ಮ ಮನಸ್ಸು ಬದಲಿಸಿದ್ದಾಳೆ, ಅವಳಿಲ್ಲದೆ ಯಾರೂ ಹೋಗುವುದು ಬೇಡ ಎಂದು ಹೇಳಿ ಹೋದರಂತೆ. ಅಕ್ಬರಿ ಬೇಗಂ ನಂಬಿದರು. ಬ್ಯಾಗು ಇಲ್ಲೇ ಇದೆ, ಅಂದರೆ ಸೂಗಮ್ಮ ಮನೆಯಲ್ಲೇ ಇದ್ದಾಳೆ, ಮಗ ಬಿಟ್ಟಿಲ್ಲ ಎಂದುಕೊಂಡರು. ಸೂಗಮ್ಮನ ಫೋನು ಸ್ವಿಚ್ ಆಫ್ ಆಗಿತ್ತು. ಮಗನಿಗೆ ಫೋನ್ ಮಾಡಲು ಮನಸ್ಸು ಬರಲಿಲ್ಲ. ತಾಯಿಯ ತಲೆ ಕೆಡಿಸಿದವರು ನೀವಿಬ್ಬರೇ ಎಂದು ಅವನು ಅಂಗಡಿಯಲ್ಲಿ ಗಿರಾಕಿಗಳೆದುರು ಅಂದುಬಿಟ್ಟಿದ್ದ.

ಅತ್ತ ಕಮಲಾಪುರದಲ್ಲಿ ಮಗ ವಿವೇಕಾನಂದ ಹೇಳುತ್ತಿದ್ದುದು ಬೇರೆ. ಮನೆಯಲ್ಲಿ ಬ್ಯಾಗಿಲ್ಲ, ಅಂದರೆ ಅವ್ವ ಹೋಗಿಬಿಟ್ಟಿದ್ದಾಳೆ. ಹಟಮಾರಿ ಹೆಂಗಸು, ಹೇಳದೆ ಹೋದಳು. ಹೋಗಲಿ.

ಒಂದು ಬ್ಯಾಗು ಎರಡು ಮನೆಗಳಿಗೆ ಎರಡು ಮಾತು ಹೇಳಿತ್ತು. ಎರಡೂ ಮನೆಗಳು ನಂಬಿದವು. ನಡುವೆ ಬಾವಿಯ ತಳದಲ್ಲಿ ಸೊಂಟ ಮುರಿದುಕೊಂಡು ಸೂಗಮ್ಮ ಬಿದ್ದಿದ್ದರು. ಬಿದ್ದ ಕೂಡಲೇ ಜೀವ ಹೋಗಿಲ್ಲ ಎಂದು ಶವ ಪರೀಕ್ಷೆ ಮಾಡಿದ ಡಾಕ್ಟರು ಬರೆದಿದ್ದರು. ಒಂದು ದಿನವಾದರೂ ಉಸಿರಾಡಿದ್ದಾರೆ. ಯಾರಾದರೂ ಹುಡುಕಿದ್ದರೆ ಬದುಕುತ್ತಿದ್ದರು.

ಯಾರೂ ಹುಡುಕಲಿಲ್ಲ. ಶನಿವಾರ ಬಾಳೆಗೊನೆ ಕಡಿಯಲು ಬಂದ ಆಳುಗಳಿಗೆ ವಾಸನೆ ಬಂದ ಮೇಲೆಯೇ ಗೊತ್ತಾದದ್ದು. ಬಾವಿಯ ಮೇಲೆ ತಗಡು ಮುಚ್ಚಿತ್ತು, ತಗಡಿನ ಮೇಲೆ ಕಲ್ಲು ಹೇರಿತ್ತು. ಬಿದ್ದವರು ತಮ್ಮ ಮೇಲೆ ತಾವೇ ಕಲ್ಲು ಹೇರಿಕೊಳ್ಳುವುದಿಲ್ಲ. ಮುಚ್ಚಿದವನು ಸಿಕ್ಕರೆ ಕೊಂದವನು ಸಿಕ್ಕ ಹಾಗೆ. ಪೊಲೀಸರೂ ಹಾಗೆಯೇ ತಿಳಿದಿದ್ದರು, ಮಹಾದೇವಪ್ಪನೂ ಹಾಗೆಯೇ ತಿಳಿದಿದ್ದ. ತೋಟ ವಿವೇಕಾನಂದನದು. ಜಗಳ ವಿವೇಕಾನಂದನದು. ತನ್ನ ಗೊಬ್ಬರದ ಅಂಗಡಿಯಲ್ಲಿ ನಾಲ್ಕು ಜನರೆದುರು ತಾಯಿಗೆ “ಹಾಳ ಬಾವ್ಯಾಗರ ಹೋಗಿ ಬೀಳು” ಎಂದವನೂ ಅವನೇ. ಇವತ್ತು ಸಂಜೆ ಅವನನ್ನು ಕರೆದೊಯ್ಯಲು ಪೊಲೀಸರು ಬರುವವರಿದ್ದರು.

ಮಹಾದೇವಪ್ಪ ಜಿಪ್ಪು ಎಳೆದ.

ಮೇಲೆ ಒಂದು ಉಣ್ಣೆಯ ಸ್ವೆಟರಿತ್ತು. ಸಮುದ್ರದ ಗಾಳಿಗೆ ಥಂಡಿಯಾಗುತ್ತದೆ ಎಂದು ಕೊಂಡದ್ದು. ಆ ಸೆಕೆಯ ಊರಿಗೆ ಸ್ವೆಟರ್ ಯಾಕೆ ಎಂದು ಎಷ್ಟು ಹೇಳಿದರೂ ಕೇಳಲಿಲ್ಲವೆಂದು ಅಕ್ಬರಿ ಬೇಗಂ ಅಂದರು. ನಗು ಬಂದು ಅರ್ಧಕ್ಕೇ ನಿಂತಿತು. ಕೆಳಗೆ ಖಡಕ್ ರೊಟ್ಟಿಯ ಪೊಟ್ಟಣ, ಶೇಂಗಾ ಹಿಂಡಿಯ ಡಬ್ಬಿ. ಅದರ ಕೆಳಗೆ ಮಡಿಕೆ ಬಿಚ್ಚದ ಎರಡು ಬಿಳಿ ಸೀರೆ. ಎರಡೂ ಒಂದೇ ನಮೂನೆ.

“ಆ ವಿಹಾರಕ್ಕ ಎಲ್ಲರೂ ಬಿಳಿ ಉಟ್ಟು ಹೋಗ್ತಾರಂತ,” ಎಂದರು ಅಕ್ಬರಿ ಬೇಗಂ. “ಒಂದು ತನಗ, ಒಂದು ರಮಾಗ ಅಂದ್ಳು.”

ರಮಾಬಾಯಿ ಎದ್ದು ಬಂದು ಒಂದು ಸೀರೆಯನ್ನು ಕೈಗೆತ್ತಿಕೊಂಡರು. ಅಳಲಿಲ್ಲ. ಮತ್ತೆ ಇದ್ದ ಹಾಗೆಯೇ ಒಳಗಿಟ್ಟರು.

ಮಹಾದೇವಪ್ಪನ ತಲೆ ಬೇರೆ ಕಡೆ ಓಡುತ್ತಿತ್ತು. ಮಂಗಳವಾರ ಅವ್ವ ಬ್ಯಾಗು ತೆಗೆದುಕೊಂಡು ಹೋದಳೆಂದು ವಿವೇಕಾನಂದ ಹೇಳಿಕೆ ಕೊಟ್ಟಿದ್ದ. ಬ್ಯಾಗು ಸೋಮವಾರವೇ ಮನೆ ಬಿಟ್ಟಿತ್ತು. ಅಂದರೆ ಸುಳ್ಳು ಹೇಳಿದ್ದಾನೆ. ಸುಳ್ಳು ಹಿಡಿದರೆ ಮುಂದಿನದು ತಾನಾಗಿ ಬಾಯಿಬಿಡುತ್ತದೆ.

ಬ್ಯಾಗು ಕಮಲಾಪುರಕ್ಕೆ ಒಯ್ಯುತ್ತೇನೆ ಎಂದ. ಪಸ್ತಾನ ಇಟ್ಟದ್ದನ್ನು ತಿರುಗಿ ಆ ಮನೆಗೆ ಒಯ್ಯಬಾರದು ಎಂದು ಅಕ್ಬರಿ ಬೇಗಂ ಬೇಡಿಕೊಂಡರು. ಸತ್ತವರಿಗೆ ಎಂಥ ಶಾಸ್ತ್ರ ಎಂದು ಒರಟಾಗಿ ಅಂದುಬಿಟ್ಟ. ಮೆಟ್ಟಿಲು ಇಳಿಯುವಾಗ ಹಾಗೆ ಅನ್ನಬಾರದಿತ್ತು ಅನಿಸಿತು. ತಿರುಗಿ ಹೋಗಿ ಹೇಳುವಷ್ಟು ಒಳ್ಳೆಯವನಲ್ಲ ಅವನು.

ರಮಾಬಾಯಿಯನ್ನೂ ಕರೆದ. ತಾಯಿಯ ಗೆಳತಿ ಎದುರಿಗಿದ್ದರೆ ಮಗ ತಪ್ಪಿಸಿಕೊಳ್ಳಲಾರ ಎಂಬುದು ಅವನ ಎಣಿಕೆ. ಮೊಣಕಾಲು ನೋವು, ಆಮೇಲೆ ಯಾವಾಗಲಾದರೂ ಬರುತ್ತೇನೆ ಎಂದರು. ಅವನು ಬಿಡಲಿಲ್ಲ.

ಬಸ್ಸಿನಲ್ಲಿ ರಮಾಬಾಯಿ ಬ್ಯಾಗನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತರು. ಮೇಲಿನ ಕಂಬಿಗೆ ಇಡುತ್ತೇನೆಂದರೂ ಕೊಡಲಿಲ್ಲ. ಮಹಾಗಾಂವ ಕ್ರಾಸ್ ದಾಟಿದ ಮೇಲೆ ಎರಡೂ ಕಡೆ ತೊಗರಿ ಹೂ ಬಿಟ್ಟು ಹಳದಿಯಾಗಿ ನಿಂತಿತ್ತು.

“ಅಂವನೇ ಅಂತ ಖಾತ್ರಿ ಅದ ಏನು ನಿನಗ?” ಎಂದು ಕೇಳಿದರು.

“ಮತ್ಯಾರು ಅಕ್ಕಾ?”

“ಮತ್ಯಾರೂ ಇಲ್ಲ ಅಂತೀ?”

“ಮಗಾ ಇದ್ದಾಂವ ಅವ್ವ ಕಾಣವಲ್ಳು ಅಂತ ಒಂದು ಫೋನ್ ಮಾಡಂಗಿಲ್ಲ. ಅದಕ್ಕಿಂತ ಬ್ಯಾರೆ ಸಾಕ್ಷಿ ಏನು ಬೇಕು?”

ರಮಾಬಾಯಿ ಹಸಿರು ಬಟ್ಟೆಯ ಗಂಟನ್ನು ಬೆರಳಿನಿಂದ ಸವರಿದರು. ಫೋನ್ ಮಾಡದವರು ಬಹಳ ಜನ ಇದ್ದಾರೆ ಎಂದರು. 

ವಿವೇಕಾನಂದ ಮನೆಯ ಕಟ್ಟೆಯ ಮೇಲೆ ಕುಳಿತಿದ್ದ. ಸ್ನಾನವಿಲ್ಲ, ಕ್ಷೌರವಿಲ್ಲ. ಮಣ್ಣು ಕೊಟ್ಟ ದಿನ ಬಂದಿದ್ದ ನೆಂಟರು ಆಮೇಲೆ ಇತ್ತ ಸುಳಿದಿರಲಿಲ್ಲ. ಆ ದಿನವೇ ಮಹಾದೇವಪ್ಪ ನೂರು ಜನರ ನಡುವೆ ಅವನ ಕಾಲರ್ ಹಿಡಿದು ಅವ್ವನನ್ನು ಏನು ಮಾಡಿದೆ ಎಂದು ಕೇಳಿದ್ದ. ಅಂಗಿಯ ಮೇಲಿನ ಗುಂಡಿ ಹರಿದು ಹೋಗಿತ್ತು. ಅದೇ ಅಂಗಿ ಇವತ್ತೂ ಮೈಮೇಲಿತ್ತು.

“ಬರ್ರಿ,” ಎಂದ. “ಪೊಲೀಸರಕಿಂತ ಮೊದಲ ನೀವೇ ಬಂದ್ರಿ.”

ಮಹಾದೇವಪ್ಪ ಅಂಗಳದಲ್ಲಿ ಬ್ಯಾಗು ಇಟ್ಟ. ಮಂಗಳವಾರ ನಿನ್ನ ಅವ್ವ ತೆಗೆದುಕೊಂಡು ಹೋದ ಬ್ಯಾಗು ಇದೇ ಏನು ಎಂದು ಕೇಳಿದ. ಹೌದು ಎಂದ ವಿವೇಕಾನಂದ. ಎಲ್ಲಿ ಸಿಕ್ಕಿತು ಎಂದು ಏಳಹೋದ. ಮಹಾದೇವಪ್ಪ ಅವನ ಭುಜ ಒತ್ತಿ ಕೂರಿಸಿದ. ಸೋಮವಾರದಿಂದ ಇದು ಐವಾನ್-ಎ-ಶಾಹಿಯಲ್ಲಿತ್ತು, ಮಂಗಳವಾರ ಇದನ್ನು ಯಾರೂ ಎಲ್ಲಿಗೂ ಒಯ್ದಿಲ್ಲ, ಸುಳ್ಳು ಯಾಕೆ ಹೇಳಿದೆ ಎಂದು ಕೇಳಿದ. ದನಿ ಏರಿತ್ತು. ಪಕ್ಕದ ಮನೆಯ ಕಿಟಕಿ ತೆರೆಯಿತು.

ಆಗ ಒಳಗಿನಿಂದ ಸೊಸೆ ಪ್ರೀತಿ ಬಂದಳು. ಅಂಗಳದಲ್ಲಿದ್ದ ಬ್ಯಾಗನ್ನು ಕಂಡು ಬಾಗಿಲ ಚೌಕಟ್ಟು ಹಿಡಿದುಕೊಂಡಳು.

“ಅದನ್ನ್ಯಾಕ ಮನೀಗಿ ತಂದ್ರಿ? ಪಸ್ತಾನ ಇಟ್ಟದ್ದು ತಿರುಗಿ ತರಬಾರದ್ರಿ.”

ಕಟ್ಟೆಯ ಮೇಲೆ ಕುಳಿತ ವಿವೇಕಾನಂದ ಹೆಂಡತಿಯತ್ತ ನಿಧಾನವಾಗಿ ತಿರುಗಿದ.

“ಏನು ಇಟ್ಟದ್ದು?”

ಪ್ರೀತಿ ಬಾಯಿ ಮುಚ್ಚಿಕೊಂಡಳು. ತಡವಾಗಿತ್ತು. ಅವನಿಗೆ ಪಸ್ತಾನದ ವಿಷಯವೇ ಗೊತ್ತಿರಲಿಲ್ಲ. ಅದು ಅತ್ತೆ ಸೊಸೆಯರ ನಡುವಿನ ಗುಟ್ಟು. ಮಂಗಳವಾರ ಅಂಗಡಿಯಿಂದ ಬಂದವನಿಗೆ, ಅತ್ತೆ ಬ್ಯಾಗು ತೆಗೆದುಕೊಂಡು ಈಗಷ್ಟೇ ಹೋದರು ಎಂದು ಹೇಳಿದವಳು ಪ್ರೀತಿ. ಅವನ ಹೇಳಿಕೆಯೆಂದರೆ ಅವಳ ಮಾತು, ಅಷ್ಟೇ.

ಮಹಾದೇವಪ್ಪ ಅವನ ಭುಜದ ಮೇಲಿನ ಕೈ ತೆಗೆದ. ಸುಳ್ಳುಗಾರ ಎಂದು ಒಂದು ಗಂಟೆಯಿಂದ ಮನಸ್ಸಿನಲ್ಲಿ ಬೈದುಕೊಂಡು ಬಂದಿದ್ದ. ಕ್ಷಮಿಸು ಅನ್ನಬೇಕಿತ್ತು. ಅಂಥ ಮಾತು ಹೇಳಿ ರೂಢಿಯಿರಲಿಲ್ಲ.

“ನೀ ಯಾಕ ಸುಳ್ಳ ಹೇಳ್ದೆವಾ?” ಎಂದು ಪ್ರೀತಿಯನ್ನು ಕೇಳಿದ. ಸಿಟ್ಟು ಇಳಿದಿತ್ತು.

“ಅತ್ತಿನೇ ಹೇಳು ಅಂದ್ರು.”

ಅವಳು ಹೊಸ್ತಿಲ ಮೇಲೆ ಕುಳಿತು ಹೇಳಿದಳು. ಗುರುವಾರ ಅವ್ವನನ್ನು ಮನೆಯಿಂದ ಹೊರಗೆ ಬಿಡುವುದಿಲ್ಲ ಎಂದು ವಿವೇಕಾನಂದ ಹಟ ಹಿಡಿದಿದ್ದ. ರಾವಣನ ಊರಿಗೆ ಹೋಗಿ ಏನು ನೋಡುತ್ತೀ, ಜನ ಏನು ಅಂದಾರು ಎಂದು ದಿನಾ ರಂಪ. ಜಗಳವಿಲ್ಲದೆ ಹೋಗಿಬಿಡೋಣವೆಂದು ಸೂಗಮ್ಮ ಮಂಗಳವಾರವೇ ಹೊರಟರು. ಗುರುವಾರದ ತನಕ ಕಲಬುರಗಿಯಲ್ಲಿ ರಮಾಬಾಯಿಯ ಮನೆಯಲ್ಲಿ ಇರುವುದು, ಮಗನಿಗೆ ಮಾತ್ರ ಬ್ಯಾಗಿನ ಸಮೇತ ಹೋದಳೆಂದು ಹೇಳುವುದು. ಬ್ಯಾಗು ಹೋಗಿದೆ ಎಂದು ಗೊತ್ತಾದರೆ ಅವನು ಬೆನ್ನು ಹತ್ತುವುದಿಲ್ಲ, ಬೈದು ಸುಮ್ಮನಾಗುತ್ತಾನೆ. ಮಗನನ್ನು ಬಲ್ಲ ತಾಯಿಯ ಲೆಕ್ಕ ಅದು. ಲೆಕ್ಕ ಸರಿಯಾಗಿಯೇ ಇತ್ತು.

“ನಾ ಅತ್ತಿ ಕಡೀ ಇದ್ದೆರೀ,” ಎಂದಳು. “ಜೀವದಾಗ ಒಮ್ಮೆರ ಸಮುದ್ರ ನೋಡಿ ಬರ್ಲಿ ಅಂತ ನಾನೇ ಗಂಟು ಕಟ್ಟಿ ಕೊಟ್ಟೆ.”

“ಖರೇ. ಆದರ ಆಮ್ಯಾಗ ನಾಕು ದಿನಾ ಸುದ್ದಿಲ್ಲ ಅಂದ್ರ ನಿನಗ ಗಾಬರಿ ಆಗಲಿಲ್ಲೇನು?”

“ಯಾಕಾಗಬೇಕ್ರಿ?” ಪ್ರೀತಿ ತಲೆ ಎತ್ತಿದಳು. “ಮುಟ್ಟ್ಯಾರ ಅಂತ ಆವತ್ತ ಸಂಜೀಕಡೀನೇ ಫೋನ್ ಬಂದಿತ್ತಲ್ಲ. ಊಟಕ್ಕ ಕುಂತಾರ, ಚಿಂತಿ ಮಾಡಬ್ಯಾಡ ಅಂತ ಹೇಳಿದ್ರಲ್ಲ, ಮೌಶಿ.”

ಅವಳು ನೋಡುತ್ತಿದ್ದುದು ಮಹಾದೇವಪ್ಪನನ್ನಲ್ಲ. ಅವನ ಹಿಂದೆ, ಅಂಗಳದ ಬೇವಿನ ಗಿಡದ ಕೆಳಗೆ ನಿಂತಿದ್ದ ರಮಾಬಾಯಿಯನ್ನು.

ಮಹಾದೇವಪ್ಪ ತಿರುಗಿದ.

ಸೂಗಮ್ಮ ಮಂಗಳವಾರ ನನ್ನ ಮನೆಗೆ ಬರಲೇ ಇಲ್ಲ ಎಂದು ಮೊದಲ ದಿನ ಅವನಿಗೆ ಹೇಳಿದವರು ರಮಾಬಾಯಿ. ಬರುವ ಮಾತೇ ಇರಲಿಲ್ಲ ಎಂದೂ ಹೇಳಿದ್ದರು. ಅಕ್ಕನ ಮಾತನ್ನು ಅವನು ಇನ್ನೊಮ್ಮೆ ಕೇಳಿರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಮೂರು ಸಲ ಕೇಳುತ್ತಿದ್ದ, ತಿರುಗಿಸಿ ಮುರುಗಿಸಿ ಕೇಳುತ್ತಿದ್ದ.

“ಅಕ್ಕಾ. ಫೋನ್ ಮಾಡಿದ್ದು ಖರೇ ಏನು?”

“ಖರೇ.”

“ಸೂಗಮ್ಮ ನಿಮ್ಮ ಮನೀಗಿ ಬಂದಿದ್ಳು?”

“ಇಲ್ಲ.”

“ಮತ್ತ ಯಾಕ ಹಂಗ ಹೇಳಿದ್ರಿ?”

ರಮಾಬಾಯಿ ಬೇವಿನ ಬೊಡ್ಡೆಗೆ ಕೈ ಊರಿದರು. ಶಾಲೆಯಲ್ಲಿ ನಿಂತು ಪಾಠ ಮಾಡಿದವರ ದನಿ, ಅಡಗಲಿಲ್ಲ. ಮಂಗಳವಾರ ಸಂಜೆ ಸೂಗಮ್ಮನನ್ನು ಕರೆತರಲು ಕುನಾಲ ಕಾರು ತೆಗೆದುಕೊಂಡು ಬಂದಿದ್ದ. ದಾರಿಯಲ್ಲಿ ಕಾರಿನಿಂದಲೇ ಸೂಗಮ್ಮ ಫೋನ್ ಮಾಡಿದರು. ತೋಟದಲ್ಲಿ ಕೆಂಪು ಬಾಳೆಯ ಗೊನೆ ಹಣ್ಣಾಗಿದೆ, ಒಂದು ಚಿಪ್ಪು ತರುತ್ತೇನೆ, ನಿನ್ನ ಬುದ್ಧನ ಮುಂದೆ ನಮ್ಮೂರಿನ ಹಣ್ಣು ಇಡೋಣ ಎಂದರು. ಬರುವುದು ತಡವಾಗುತ್ತದೆ, ಪ್ರೀತಿ ಗಾಬರಿಯಾಗುತ್ತಾಳೆ, ಮುಟ್ಟಿದೆ ಎಂದು ಅವಳಿಗೆ ಹೇಳಿಬಿಡು ಎಂದರು.

“ಹೇಳ್ದೆ. ಇನ್ನ ಒಂದು ತಾಸಿಗಿ ಬರಾಕಿ ಅದಾಳಲ್ಲ, ಈಗ ಹೇಳಿದ್ರೇನು ಆಮ್ಯಾಗ ಹೇಳಿದ್ರೇನು ಅಂದ್ಕೊಂಡೆ.”

“ಬರಲಿಲ್ಲ.”

“ಕುನಾಲ ಒಬ್ಬನೇ ಬಂದ. ತೋಟದ ಗೇಟಿನ್ಯಾಗ ಇಳದ್ಳು, ಒಲ್ಲೆ ಅಂತ ಮನಸ್ಸು ಬದಲಿ ಮಾಡಿದ್ಳು, ಮನೀಗಿ ನಡಕೋತ ಹೋಗ್ತೀನಿ ನೀ ಹೋಗು ಅಂದ್ಳು ಅಂತ ಹೇಳಿದ. ನಂಬಿದೆ. ಸಿಟ್ಟೂ ಬಂತು. ಮಗನ ಮಾತಿಗಿ ಹೆದರಿ ನಮ್ಮನ್ನ ಬಿಟ್ಳು ಅಂತ. ಫೋನ್ ಮಾಡ್ಲಿಲ್ಲ ನಾ. ಅಕಿನೇ ಮಾಡ್ಲಿ ಅಂತ ಬಿಟ್ಟೆ.”

ಪ್ರೀತಿ ಅಳತೊಡಗಿದಳು. ಸದ್ದಿರಲಿಲ್ಲ.

“ಎಷ್ಟೊತ್ತಿಗಿ?” ಎಂದು ಕೇಳಿದ ವಿವೇಕಾನಂದ. ಕಟ್ಟೆಯಿಂದ ಎದ್ದು ನಿಂತಿದ್ದ. “ಅವ್ವ ತೋಟಕ್ಕ ಹೋಗಿದ್ದು ಎಷ್ಟೊತ್ತಿಗಿ?”

“ಹೊತ್ತು ಮುಣಗೂದಕ್ಕ.”

“ಮಂಗಳವಾರ?”

“ಮಂಗಳವಾರ.”

ಅವನು ಮೂವರ ಮುಖವನ್ನೂ ಒಂದೊಂದಾಗಿ ನೋಡಿದ. ಯಾರಾದರೂ ಅಲ್ಲ ಅನ್ನಲಿ ಎಂದು ಕಾಯುವ ಹಾಗೆ ನೋಡಿದ. ಆಮೇಲೆ ಇಷ್ಟು ದಿನ ಯಾರೂ ಕೇಳದ, ಅವನೂ ಹೇಳದ ಮಾತೊಂದನ್ನು ಹೇಳಿದ.

“ದೀಪ ಹಚ್ಚೋ ಹೊತ್ತಿಗಿ ನಾ ಮೋಟಾರ್ ಬಂದ್ ಮಾಡಾಕ ತೋಟಕ್ಕ ಹೋಗಿದ್ದೆ. ಬಾವಿ ಮ್ಯಾಗಿನ ತಗಡು ಸರದಿತ್ತು. ಕರ ಗಿರ ಬಿದ್ದಾವು ಅಂತ ಎಳದು ಮುಚ್ಚಿ ಕಲ್ಲು ಹೇರಿದೆ.”

ಅವನು ತನ್ನ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಂಡ.

“ಒಳಗ ಇಣಕಿ ನೋಡ್ಲಿಲ್ರೀ. ಅವ್ವ ಬ್ಯಾಗ್ ತಗೊಂಡು ಹೋಗ್ಯಾಳ ಅಂತ ಸಿಟ್ಟಿನ್ಯಾಗಿದ್ದೆ. ಊರಾಗೇ ಇಲ್ಲದಾಕಿ ಬಾವ್ಯಾಗ ಹ್ಯಾಂಗಿರ್ತಾಳ? ಹೆಣಾ ಸಿಕ್ಕ ಮ್ಯಾಗೂ, ನಾ ಮುಚ್ಚಿ ಬಂದ ಮ್ಯಾಲೆ ಯಾರೋ ತಂದು ಹಾಕ್ಯಾರ ಅಂತನೇ ತಿಳಕೊಂಡಿದ್ದೆ.”

ಅವನು ಕಟ್ಟೆಯ ಕೆಳಗೆ ನೆಲದ ಮೇಲೇ ಕುಳಿತ. “ಅವ್ವ ಒಳಗಿದ್ಳು. ಜೀವಂತ ಇದ್ಳು. ನಾನೇ ಮುಚ್ಚಿದೆ,” ಎಂದ. ಪ್ರೀತಿ ಓಡಿ ಬಂದು ಅವನ ತಲೆಯನ್ನು ಎದೆಗೊತ್ತಿಕೊಂಡಳು. ಅವಳ ಸುಳ್ಳೂ ಆ ತಗಡಿನ ಮೇಲಿತ್ತು. ಅವಳಿಗೂ ಅದು ಗೊತ್ತಾಗಿತ್ತು.

ಮುಚ್ಚಿದವನು ಸಿಕ್ಕರೆ ಕೊಂದವನು ಸಿಕ್ಕ ಹಾಗೆ ಎಂದು ಮಹಾದೇವಪ್ಪ ಹೇಳಿಕೊಂಡು ತಿರುಗಿದ್ದ. ಮುಚ್ಚಿದವನು ಸಿಕ್ಕಿದ್ದ. ಈ ಮಾತನ್ನು ಪೊಲೀಸರ ಮುಂದೆ ಹೇಳಿದರೆ ಅವನ ಕಥೆ ಮುಗಿಯಿತು. ಬೈದವನು, ತೋಟದ ಮಾಲೀಕ, ಬಾವಿ ಮುಚ್ಚಿದವನು. ಇನ್ನೇನು ಬೇಕು? ನಂಬುವವರು ಈ ಅಂಗಳದಲ್ಲಿರುವ ಮೂವರು ಮಾತ್ರ.

ಹೊರಗೆ ಜೀಪು ನಿಂತ ಸದ್ದಾಯಿತು. ವಿವೇಕಾನಂದ ಹೆಂಡತಿಯ ಕೈ ಬಿಡಿಸಿಕೊಂಡು ಎದ್ದ. ನಾನೇ ಹೋಗಿ ಹೇಳುತ್ತೇನೆ, ಬಿಡಿ ಎಂದ. ಶಿಕ್ಷೆ ಆಗಲಿ ಎಂದ. ಮಹಾದೇವಪ್ಪ ಎರಡು ದಿನಗಳ ಹಿಂದೆ ಹಿಡಿದಿದ್ದ ಅದೇ ಕಾಲರನ್ನು ಈಗ ಮತ್ತೆ ಹಿಡಿದ. ಈ ಸಲ ತಡೆಯಲು.

“ನಿಂದ್ರು. ನೀ ಹೋಗೂದಕ್ಕ ಮೊದಲ ತಗಡು ಸರದಿತ್ತು ಅಂದಿ. ಎಷ್ಟು ಭಾರ ಅದ ಅದು?”

“ಇಬ್ಬರು ಆಳು ಬೇಕು ಸರಿಸಾಕ. ನಾನೂ ಎಳದು ಎಳದು ಮುಚ್ಚಿದೆ.”

“ಕಲ್ಲು?”

“ಬಾಜೂಕ ಇಳಿಸಿಟ್ಟಿದ್ರು.”

ಅರವತ್ತು ದಾಟಿದ ಹೆಂಗಸು ಬಾಳೆಹಣ್ಣಿಗೆಂದು ಹೋದವರು ಹಾಳುಬಾವಿಯ ಕಲ್ಲು ಇಳಿಸಿ ತಗಡು ಸರಿಸಿಲ್ಲ. ಸರಿಸಿದವರು ಬೇರೆ ಇದ್ದಾರೆ. ಆ ಸಂಜೆ ಆ ತೋಟದಲ್ಲಿ ಇದ್ದವರು ಯಾರು ಎಂದು ಈ ಮನೆಯಲ್ಲಿ ಈಗ ಎಲ್ಲರಿಗೂ ಗೊತ್ತು.

ಮಹಾದೇವಪ್ಪ ರಮಾಬಾಯಿಯ ಹತ್ತಿರ ಹೋಗಿ ನಿಂತ. ಬೇಕೆಂದರೂ ಅವನಿಗೆ ಸಿಟ್ಟು ಬರಲಿಲ್ಲ.

“ಇಷ್ಟು ಗೊತ್ತಿದ್ದೂ ನನ್ನ ಯಾಕ ಹಚ್ಚಿದ್ರಿ, ಅಕ್ಕಾ?”

“ನನ್ನ ಮಗಾ ಅಲ್ಲ ಅಂತ ನಿನ್ನ ಬಾಯಿಂದ ಕೇಳಬೇಕಾಗಿತ್ತು, ತಮ್ಮಾ. ನೀ ಹುಡುಕಿ ಬ್ಯಾರೆ ಯಾರನ್ನರ ಹಿಡದು ತಂದ್ರ ನಾ ನೆಮ್ಮದಿಲಿಂದ ಅಕಿಗಿ ಅಳತಿದ್ದೆ. ಇನ್ನಾತನ ಅತ್ತಿಲ್ಲ ನಾ.”

ಗೇಟಿನ ಚಿಲಕ ಸದ್ದು ಮಾಡಿತು. ಇಬ್ಬರು ಪೊಲೀಸರು ಅಂಗಳಕ್ಕೆ ಕಾಲಿಟ್ಟರು. ಮಹಾದೇವಪ್ಪ ಅವರಿಗೆ ಒಂದು ನಿಮಿಷ ಎಂದು ಕೈ ಮಾಡಿದ.

“ಇವರ ಮುಂದ ಈಗ ಹೇಳಿದ್ದೆಲ್ಲ ಹೇಳ್ತೀರಿ?”

ರಮಾಬಾಯಿ ವಿವೇಕಾನಂದನನ್ನು ನೋಡಿದರು. ಒಂದನೆಯ ಇಯತ್ತೆಯಲ್ಲಿ ಅವನಿಗೆ ಅಕ್ಷರ ತಿದ್ದಿಸಿದವರು ಅವರೇ. ಹೂಂ ಎಂದು ತಲೆಯಾಡಿಸಿದರು.

“ಹಂಗಾದ್ರ ಕುನಾಲಗ ಫೋನ್ ಹಚ್ಚರಿ. ಬೀದರಿನಿಂದ ಈಗಿಂದೀಗ ಹೊಂಟು ಬಾ ಅನ್ರಿ.”

“ಅಂವ ಬೀದರದಾಗಿಲ್ಲ, ಮಾದೇವಾ.”

“ಮತ್ತ?”

“ಟಿಕೆಟ್ ಸುಮ್ಮನ ಹಾಳಾಗ್ತಾವ, ನಾ ಒಬ್ಬನರ ಹೋಗಿ ನೋಡಿ ಬರ್ತೀನಿ ಅಂದ. ಗುರುವಾರ ಮುಂಜಾನಿ ಕೊಲಂಬೊಕ್ಕ ಹ್ವಾದ. ನಾನೇ ರೊಟ್ಟಿ ಕಟ್ಟಿ ಕೊಟ್ಟೆ.”

ಪೊಲೀಸರಲ್ಲಿ ಒಬ್ಬ ಟೊಪ್ಪಿಗೆ ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಹತ್ತಿರ ಬಂದ.

“ತಿರುಗಿ ಬರೂದು ಯಾವಾಗ?” ಎಂದು ಕೇಳಿದ ಮಹಾದೇವಪ್ಪ.

ರಮಾಬಾಯಿ ಬೇವಿನ ಬೊಡ್ಡೆಯಿಂದ ಕೈ ತೆಗೆದು, ಯಾರ ಆಸರೆಯೂ ಇಲ್ಲದೆ ನಿಂತರು.

“ನಿನ್ನಿ ಬರಬೇಕಾಗಿತ್ತು,” ಎಂದರು.